ಮನೆಯಲ್ಲಿ ಬೇಸ್ ರೆಕಾರ್ಡಿಂಗ್: ಪ್ಲಗಿನ್ ಸಾಕಾ, ಬಾಕ್ಸ್ ಬೇಕಾ?

ಬೇಸ್ ಗಿಟಾರಿನ ಆಂಪ್ ಮುಂದೆ ಮೈಕ್ ಇಟ್ಟು ಮನೆಯಲ್ಲಿ ರೆಕಾರ್ಡ್ ಮಾಡುವ ಸಾಹಸ ನಾನು ಒಂದೇ ಸಲ ಮಾಡಿದ್ದು. ಮೊದಲ ಮಹಡಿಯ ಬಾಡಿಗೆ ಮನೆ, ಭಾನುವಾರ ಮಧ್ಯಾಹ್ನ, ಗೆಳೆಯನ ಹತ್ತಿರ ಕೇಳಿ ತಂದಿದ್ದ 100 ವಾಟ್‌ನ ಕಾಂಬೊ, ಅಂದರೆ ಆಂಪೂ ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿರುವುದು. ಟೇಕ್ ಚೆನ್ನಾಗೇ ಬಂತು ಅಂದುಕೊಂಡೆ. ಆಮೇಲೆ ಹೆಡ್‌ಫೋನ್ ಹಾಕಿ ಕೇಳಿದರೆ, ಎ ತಂತಿ ಮೀಟಿದಾಗೆಲ್ಲ ಹಿಂದೆ ಎಲ್ಲೋ ‘ಝೀ’ ಅಂತ ಒಂದು ಸದ್ದು. ಕೇಬಲ್ ಬದಲಾಯಿಸಿದೆ, ಮೈಕ್ ಸರಿಸಿದೆ. ಕೊನೆಗೆ ನೋಡಿದರೆ ಅಡುಗೆಮನೆ ಸ್ಟ್ಯಾಂಡಿನಲ್ಲಿದ್ದ ಸ್ಟೀಲ್ ತಟ್ಟೆಗಳು ಒಂದಕ್ಕೊಂದು ತಾಗಿ ಅದುರುತ್ತಿದ್ದವು. ಅಷ್ಟು ಹೊತ್ತಿಗೆ ಕೆಳಗಿನ ಮನೆ ಆಂಟಿ ಬೆಲ್ ಒತ್ತಿ ಆಗಿತ್ತು.

ಆಂಟಿಯದ್ದು ಏನೂ ತಪ್ಪಿಲ್ಲ. ಬೇಸ್‌ನ ಇ ತಂತಿ ಸುಮಾರು 41 ಹರ್ಟ್ಸ್‌ನಲ್ಲಿ ಅದುರುತ್ತದೆ. ಗಾಳಿಯಲ್ಲಿ ಅದರ ಒಂದು ಅಲೆಯ ಉದ್ದ 8 ಮೀಟರಿಗೂ ಜಾಸ್ತಿ. ನಮ್ಮ ರೂಮು 10 ಅಡಿಗೆ 12 ಅಡಿ, ಅಂದರೆ ಉದ್ದದ ಗೋಡೆಯೂ 4 ಮೀಟರ್ ಮುಟ್ಟುವುದಿಲ್ಲ. ಅದಕ್ಕೇ ಒಂದು ಮೂಲೆಯಲ್ಲಿ ಗುಡುಗಿದ ಹಾಗೆ ಕೇಳುತ್ತದೆ, ಮಂಚದ ಪಕ್ಕ ನಿಂತರೆ ಬೇಸ್ ಇದೆಯಾ ಇಲ್ಲವಾ ಅಂತ ಅನುಮಾನ ಬರುತ್ತದೆ. ಅಂಥ ರೂಮಿನಲ್ಲಿ ಎಷ್ಟೇ ಒಳ್ಳೆಯ ಮೈಕ್ ಇಟ್ಟರೂ ಮೂಲೆಯ ಗುಡುಗೇ ರೆಕಾರ್ಡ್ ಆಗುವುದು.

ಹೀಗಾಗಿ ನಮ್ಮಂಥವರಿಗೆ ಉಳಿಯುವ ದಾರಿ ಡಿಜಿಟಲ್ ಆಂಪ್ ಮಾಡೆಲರ್. ಆಂಪ್, ಅದರ ಸ್ಪೀಕರ್ ಕ್ಯಾಬಿನೆಟ್, ಅದರ ಮುಂದಿನ ಮೈಕ್, ಈ ಮೂರೂ ಸದ್ದಿಗೆ ಏನು ಮಾಡುತ್ತವೋ ಅದನ್ನು ಲೆಕ್ಕ ಹಾಕಿ ತೋರಿಸುವ ಸಾಧನ. ಕಾಲಡಿ ಇಡುವ ಬಾಕ್ಸ್ ಆಗಿರಬಹುದು, ಲ್ಯಾಪ್‌ಟಾಪಿನ ರೆಕಾರ್ಡಿಂಗ್ ಸಾಫ್ಟ್‌ವೇರಿನೊಳಗೆ ಕೂರುವ ಪ್ಲಗಿನ್ ಆಗಿರಬಹುದು. ಯಾವುದನ್ನು ಕೊಳ್ಳಬೇಕು ಅಂತ ವಿಡಿಯೋ ನೋಡಲು ಕೂತರೆ ರಾತ್ರಿ ಎರಡಾಗುತ್ತದೆ. ಅದರಲ್ಲೂ ಮುಕ್ಕಾಲು ಪಾಲು ಗಿಟಾರಿನವರಿಗೆ ಮಾಡಿದ್ದು. ‘ಇದರಲ್ಲಿ ಬೇಸ್ ಆಂಪ್ ಕೂಡ ಇದೆ’ ಅಂತ ಕೊನೆಯ ನಿಮಿಷದಲ್ಲಿ ಒಂದು ಮಾತು ಹೇಳಿ ಮುಗಿಸುತ್ತಾರೆ.

ಅಳತೆಗೋಲು ಒಂದೇ: ಡಿಐ ಉಳಿಯುತ್ತಾ?

ಬೇಸಿನಿಂದ ಬರುವ ಸಪ್ಪೆ ಸಿಗ್ನಲ್ ಇದೆಯಲ್ಲ, ಯಾವ ಆಂಪೂ ಎಫೆಕ್ಟೂ ತಾಗದೇ ಇರುವುದು, ಅದನ್ನೇ ಡಿಐ ಅನ್ನುತ್ತಾರೆ. ನೀವು ಏನನ್ನೇ ಕೊಂಡರೂ ಈ ಡಿಐ ಬೇರೆ ಟ್ರ್ಯಾಕಿನಲ್ಲಿ ಹಾಗೇ ಉಳಿಯಬೇಕು. ನಾನು ಮಾಡೆಲರ್‌ಗಳನ್ನು ಹೋಲಿಸುವುದೇ ಈ ಲೆಕ್ಕದಲ್ಲಿ: ಕಿವಿಗೆ ಆಂಪ್ ಸದ್ದು ಕೊಡುತ್ತಲೇ ಡಿಐಯನ್ನು ಎಷ್ಟು ಸುಲಭವಾಗಿ ಉಳಿಸಿಕೊಡುತ್ತದೆ? ಅದರೊಳಗೆ 12 ಆಂಪ್ ಇವೆಯೋ 120 ಇವೆಯೋ ಅನ್ನುವುದು ಆಮೇಲಿನ ಮಾತು.

ಇದು ಪೆಟ್ಟು ತಿಂದು ಕಲಿತದ್ದು. ಒಂದು ಬ್ಯಾಂಡಿಗೆ ಆರು ಹಾಡು ಬಾಕ್ಸ್ ಮೂಲಕ ಮಾತ್ರ ರೆಕಾರ್ಡ್ ಮಾಡಿಕೊಟ್ಟೆ, ಡಿಐ ಇಲ್ಲ. ಒಬ್ಬನೇ ಕೂತು ಹೆಡ್‌ಫೋನಿನಲ್ಲಿ ಕೇಳುವಾಗ ಆ ಡ್ರೈವ್, ಅಂದರೆ ಆಂಪ್ ಸದ್ದನ್ನು ಒಡೆದು ಒರಟು ಮಾಡುವುದು, ಮಜವಾಗಿತ್ತು, ಹುಲಿ ಗುರುಗುಟ್ಟಿದ ಹಾಗೆ. ಡ್ರಮ್ಸ್, ಎರಡು ಗಿಟಾರ್ ಎಲ್ಲ ಸೇರಿದ ಮೇಲೆ ಅದು ಬರೀ ಗೊರಗೊರ. ಮಿಕ್ಸ್ ಮಾಡುವವನು ಏನು ಮಾಡಿಯಾನು? ಸೇರಿದ ಡ್ರೈವ್ ತೆಗೆಯಲು ಆಗುವುದಿಲ್ಲ, ಸಾರಿಗೆ ಜಾಸ್ತಿ ಬಿದ್ದ ಉಪ್ಪಿನ ಹಾಗೆ. ಆರೂ ಹಾಡು ಮತ್ತೆ ನುಡಿಸಿದೆ.

ಬೇಸ್‌ಗೆ ಡಿಐ ಅನ್ನುವುದು ಬಡವರ ದಾರಿಯೇನೂ ಅಲ್ಲ. 1960ರ ದಶಕದಲ್ಲಿ ಡೆಟ್ರಾಯ್ಟ್‌ನ ಮೋಟೌನ್ ಸ್ಟುಡಿಯೋದಲ್ಲಿ ಜೇಮ್ಸ್ ಜೇಮರ್ಸನ್ ನುಡಿಸಿದ ಬೇಸ್ ಬಹುಮಟ್ಟಿಗೆ ನೇರವಾಗಿ ಮಿಕ್ಸಿಂಗ್ ಕನ್ಸೋಲಿಗೇ ಹೋದದ್ದು. ಇನ್ನೊಂದು ತುದಿಯಲ್ಲಿ ಆಂಪೆಗ್ ಎಸ್‌ವಿಟಿ ಇದೆ. 1969ರಲ್ಲಿ ಬಂದ 300 ವಾಟ್‌ನ ವಾಲ್ವ್ ಆಂಪ್. ಅದರ ಹೆಡ್ಡು ಮತ್ತು 10 ಇಂಚಿನ ಎಂಟು ಸ್ಪೀಕರಿನ ಕ್ಯಾಬಿನೆಟ್ ಸೇರಿದರೆ ತೂಕ ಒಬ್ಬ ದೊಡ್ಡ ಮನುಷ್ಯನಿಗಿಂತ ಜಾಸ್ತಿ. ಅದು ಹುಟ್ಟಿದ್ದು ದೊಡ್ಡ ಸ್ಟೇಜಿನಲ್ಲಿ ಗಿಟಾರಿನವರ ಗದ್ದಲದ ಮೇಲೆ ಬೇಸ್ ಕೇಳಿಸಲಿ ಅಂತ. ಇವತ್ತಿನ ಯಾವ ಮಾಡೆಲರ್ ತೆರೆದರೂ ಬೇಸ್ ಪಟ್ಟಿಯ ತಲೆಯಲ್ಲಿ ಬೇರೆ ಹೆಸರಿನಲ್ಲಿ ಕೂತಿರುವುದು ಸಾಮಾನ್ಯವಾಗಿ ಅದೇ.

ಡಿಐ ಅಷ್ಟು ಚೆನ್ನಾಗಿದ್ದರೆ ಮಾಡೆಲರ್ ಯಾಕೆ ಅಂತ ಕೇಳಬಹುದು. ನಿಮ್ಮ ಹಾಡನ್ನು ಜನ ಕೇಳುವುದು ಮೊಬೈಲ್ ಸ್ಪೀಕರಿನಲ್ಲಿ, ಅದಕ್ಕೆ. 41 ಹರ್ಟ್ಸ್ ಇರಲಿ, 100 ಹರ್ಟ್ಸ್ ಕೂಡ ಅದರಲ್ಲಿ ಸರಿಯಾಗಿ ಬರುವುದಿಲ್ಲ. ಆಂಪಿನ ಡ್ರೈವ್ ಮೇಲಿನ ಹಾರ್ಮೊನಿಕ್‌ಗಳನ್ನು, ಅಂದರೆ ಸ್ವರದ ಜೊತೆಗೇ ಬರುವ ಎತ್ತರದ ಸ್ವರಗಳನ್ನು, ಎತ್ತಿ ಹಿಡಿಯುತ್ತದೆ, ಅವು ಮೊಬೈಲಿನಲ್ಲಿ ಕೇಳಿಸುತ್ತವೆ, ಅಷ್ಟು ಸಿಕ್ಕರೆ ಕೆಳಗಿನ ಸ್ವರವನ್ನು ಕಿವಿ ತಾನೇ ಊಹಿಸಿಕೊಳ್ಳುತ್ತದೆ. ಹಾಗಾಗಿ ಹೆವಿ ಮೆಟಲ್ ಇರಲಿ, ಭಾವಗೀತೆ ಇರಲಿ, ಬೇಸಿಗೆ ಒಂದು ಚೂರು ಡ್ರೈವ್ ಬೇಕೇ ಬೇಕು. ಭಾವಗೀತೆಯಲ್ಲಿ ಅದು ಡ್ರೈವ್ ಅಂತ ಗೊತ್ತಾಗಬಾರದು, ಅಷ್ಟೇ.

ಪ್ಲಗಿನ್ ದಾರಿ

ಬೇಸ್, ಅದರ ಸಿಗ್ನಲನ್ನು ಲ್ಯಾಪ್‌ಟಾಪಿಗೆ ಮುಟ್ಟಿಸುವ ಒಂದು ಆಡಿಯೋ ಇಂಟರ್‌ಫೇಸ್, ಲ್ಯಾಪ್‌ಟಾಪ್. ಇಲ್ಲಿ ಡಿಐ ತಾನಾಗೇ ಉಳಿಯುತ್ತದೆ, ಏಕೆಂದರೆ ಟ್ರ್ಯಾಕಿಗೆ ಬೀಳುವುದೇ ಡಿಐ, ಪ್ಲಗಿನ್ ಅದರ ಮೇಲೆ ಕೂತು ಕಿವಿಗಷ್ಟೇ ಬಣ್ಣ ಹಚ್ಚುತ್ತದೆ. ನಾಳೆ ಬೇಡ ಅನ್ನಿಸಿದರೆ ಅಳಿಸಿ ಇನ್ನೊಂದು ಹಾಕಿದರಾಯಿತು. ನನ್ನ ಅಳತೆಗೋಲಿನಲ್ಲಿ ಇದಕ್ಕೇ ಮೊದಲ ಸ್ಥಾನ.

ಇಂಟರ್‌ಫೇಸ್ ಯಾವುದಾದರೂ ಸರಿ, ಅದರಲ್ಲಿ ಇನ್‌ಸ್ಟ್ರುಮೆಂಟ್ ಅಥವಾ ಹೈ-ಝಡ್ ಅನ್ನುವ ಇನ್‌ಪುಟ್ ಇರಲೇಬೇಕು. ಬ್ಯಾಟರಿ ಇಲ್ಲದ ಪ್ಯಾಸಿವ್ ಬೇಸನ್ನು ಲೈನ್ ಇನ್‌ಪುಟ್‌ಗೆ ಚುಚ್ಚಿದರೆ ಮೇಲಿನ ಹೊಳಪು ಸತ್ತು, ಬಾಯಿಗೆ ಬಟ್ಟೆ ಕಟ್ಟಿ ಹಾಡಿದ ಹಾಗೆ ಕೇಳಿಸುತ್ತದೆ. ಆಮೇಲೆ ‘ಪ್ಲಗಿನ್ ಸರಿ ಇಲ್ಲ’ ಅಂತ ಬೈಯುವವರನ್ನು ನಾನೇ ನೋಡಿದ್ದೇನೆ.

ದುಡ್ಡು ಕೊಡುವ ಮೊದಲು ಬಿಟ್ಟಿ ಸಿಗುವುದನ್ನು ಸರಿಯಾಗಿ ಬಳಸಿ ನೋಡಿ. ಇಗ್ನೈಟ್ ಆಂಪ್ಸ್‌ನ ಎಸ್‌ಎಚ್‌ಬಿ-1 ಬೇಸ್‌ಗೇ ಅಂತ ಮಾಡಿದ ಆಂಪ್, ಉಚಿತ. ಟಿಎಸ್‌ಇ ಅವರ ಬಿಒಡಿ ಕೂಡ ಉಚಿತ, ಅದು ಸ್ಯಾನ್ಸ್‌ಆಂಪ್ ಬೇಸ್ ಡ್ರೈವರ್ ಅನ್ನುವ ಪೆಡಲಿನ ನಕಲು. ಮ್ಯಾಕ್ ಇದ್ದರೆ ಗ್ಯಾರೇಜ್‌ಬ್ಯಾಂಡಿನೊಳಗೆ ಬೇಸ್ ಆಂಪ್ ಮೊದಲೇ ಇದೆ. ಇಷ್ಟರಲ್ಲೇ ಒಂದಿಡೀ ಆಲ್ಬಂ ಮಾಡಬಹುದು, ಉತ್ಪ್ರೇಕ್ಷೆ ಅಲ್ಲ.

ದುಡ್ಡು ಕೊಡುವವುಗಳಲ್ಲಿ ನನಗೆ ಹಿಡಿಸಿದ್ದು ಫಿನ್‌ಲ್ಯಾಂಡಿನ ನ್ಯೂರಲ್ ಡಿಎಸ್‌ಪಿಯ ಪ್ಯಾರಲ್ಯಾಕ್ಸ್. ಅದು ಸಿಗ್ನಲನ್ನು ಕೆಳಗೆ, ನಡುವೆ, ಮೇಲೆ ಅಂತ ಮೂರು ಭಾಗ ಮಾಡುತ್ತದೆ. ಕೆಳಗಿನದಕ್ಕೆ ಕಂಪ್ರೆಸರ್ (ಜೋರು, ಮೆಲು ಸದ್ದುಗಳ ಅಂತರ ಕಡಿಮೆ ಮಾಡುವುದು) ಮಾತ್ರ, ಡ್ರೈವ್ ಬೀಳುವುದು ಮೇಲಿನ ಎರಡಕ್ಕೆ. ಬೇಸಿಗೆ ಡಿಸ್ಟಾರ್ಷನ್ ಹಾಕಿದ ಕೂಡಲೇ ಅಡಿಪಾಯವೇ ಕರಗಿಹೋಗುತ್ತದಲ್ಲ, ಆ ಕಾಟ ಇಲ್ಲಿಲ್ಲ. ರಾಕ್, ಮೆಟಲ್ ಮಾಡುವವರು 14 ದಿನದ ಟ್ರಯಲ್ ಹಾಕಿ ನೋಡಿ. ಜಾಜ್, ಫ್ಲಾಟ್‌ವೌಂಡ್ ತಂತಿ, ಸಿನಿಮಾ ಹಾಡಿನ ಮೃದು ಬೇಸ್ ನಿಮ್ಮದಾದರೆ ಅದು ಬೇಡ. ಹೀಗೆ ಭಾಗ ಮಾಡುವ ಕೆಲಸವನ್ನು ಒಂದೇ ಡಿಐಯ ಎರಡು ಪ್ರತಿ ಮಾಡಿ, ಒಂದರಲ್ಲಿ 200 ಹರ್ಟ್ಸ್‌ಗಿಂತ ಮೇಲಿನದನ್ನೂ ಇನ್ನೊಂದರಲ್ಲಿ ಕೆಳಗಿನದನ್ನೂ ಕತ್ತರಿಸಿ, ಎರಡನೆಯದಕ್ಕೆ ಮಾತ್ರ ಡ್ರೈವ್ ಕೊಟ್ಟು ಬಿಟ್ಟಿಯಾಗೂ ಮಾಡಿಕೊಳ್ಳಬಹುದು. ಸ್ವಲ್ಪ ತಾಳ್ಮೆ ಬೇಕು.

ಪ್ಲಗಿನ್ನಿನ ನಿಜವಾದ ತಲೆನೋವು ಲೇಟೆನ್ಸಿ. ತಂತಿ ಮೀಟಿದ ಮೇಲೆ ಸದ್ದು ಕಿವಿಗೆ ತಡವಾಗಿ ಬರುವುದು. 48 ಕಿಲೋಹರ್ಟ್ಸ್‌ನಲ್ಲಿ ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ತೆಗೆದುಕೊಳ್ಳುವ ಸದ್ದಿನ ತುಣುಕು, 256 ಸ್ಯಾಂಪಲ್ ಇಟ್ಟರೆ ಒಂದು ಬದಿಗೆ ಸುಮಾರು 5.3 ಮಿಲಿಸೆಕೆಂಡ್. ಹೋಗಿ ಬರುವುದು, ಡ್ರೈವರ್ ತಿನ್ನುವುದು ಎಲ್ಲ ಸೇರಿ 12 ಆಯಿತು ಅನ್ನಿ. ಕೇಳಲು ದೊಡ್ಡದು ಅನ್ನಿಸುತ್ತದೆ, ಆದರೆ ಸದ್ದು ಗಾಳಿಯಲ್ಲಿ 3 ಮಿಲಿಸೆಕೆಂಡಿಗೆ ಒಂದು ಮೀಟರ್ ಮಾತ್ರ ಹೋಗುತ್ತದೆ. ಸ್ಟೇಜಿನಲ್ಲಿ ಆಂಪಿನಿಂದ 4 ಮೀಟರ್ ದೂರ ನಿಂತಿದ್ದಕ್ಕೆ ಇದು ಸಮ, ಅಲ್ವಾ? ನಿಧಾನದ ಹಾಡಿಗೆ ಏನೂ ತೊಂದರೆ ಇಲ್ಲ. ಸ್ಲ್ಯಾಪ್ ಮಾಡುವಾಗ, ವೇಗದ ಹದಿನಾರನೇ ನೋಟುಗಳು ಬಂದಾಗ ಕಿರಿಕಿರಿ ಆಗುತ್ತದೆ. ಆಗ ಬಫರ್ 64ಕ್ಕೆ ಇಳಿಸಿ. ಲ್ಯಾಪ್‌ಟಾಪ್ ಹಳೆಯದಾಗಿ ಪಟಪಟ ಅನ್ನಲು ಶುರು ಮಾಡಿದರೆ, ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಹಾಕಿ ಸಪ್ಪೆ ಬೇಸನ್ನೇ ಕೇಳುತ್ತಾ ನುಡಿಸಿ, ಪ್ಲಗಿನ್ ಆಮೇಲೆ ಹಾಕಿ. ಸಪ್ಪೆ ಸದ್ದಿನಲ್ಲಿ ನುಡಿಸುವುದು ಬೇಜಾರು, ಒಪ್ಪುತ್ತೇನೆ. ಆದರೆ ಬೆರಳಿನ ತಪ್ಪುಗಳೆಲ್ಲ ಬೆತ್ತಲೆಯಾಗಿ ಕಾಣುವುದು ಅಲ್ಲೇ.

ಕಾಲಡಿಯ ಬಾಕ್ಸ್

ಬಾಕ್ಸಿನ ಸುಖ ಬೇರೆ. ಲ್ಯಾಪ್‌ಟಾಪ್ ತೆರೆಯಬೇಕಿಲ್ಲ, ಅಪ್‌ಡೇಟ್ ಕೇಳುವುದಿಲ್ಲ, ರಾತ್ರಿ ಹನ್ನೊಂದಕ್ಕೆ ಹೆಡ್‌ಫೋನ್ ಚುಚ್ಚಿ ನುಡಿಸುತ್ತಾ ಕೂರಬಹುದು. ಲೇಟೆನ್ಸಿ ಗಮನಕ್ಕೇ ಬರುವುದಿಲ್ಲ.

ಕಡಿಮೆ ದುಡ್ಡಿನಲ್ಲಿ ಜೂಮ್ ಬಿ1 ಫೋರ್, ಎಕ್ಸ್‌ಪ್ರೆಷನ್ ಪೆಡಲ್ ಬೇಕಿದ್ದರೆ ಬಿ1ಎಕ್ಸ್ ಫೋರ್. ನಾಲ್ಕು ಎಎ ಸೆಲ್ಲಿನಲ್ಲಿ ಓಡುತ್ತದೆ, ಡ್ರಮ್ ಪ್ಯಾಟರ್ನ್ ಮತ್ತು ನುಡಿಸಿದ್ದನ್ನೇ ಮತ್ತೆ ಮತ್ತೆ ಸುತ್ತಿಸುವ ಲೂಪರ್ ಒಳಗೇ ಇವೆ, ಅಭ್ಯಾಸಕ್ಕೆ ಇದಕ್ಕಿಂತ ಅಗ್ಗದ ಸಂಗಾತಿ ಇಲ್ಲ. ಆದರೆ ಹುಷಾರು, ಅದರ ಯುಎಸ್‌ಬಿ ಕಿಂಡಿಯಿಂದ ಆಡಿಯೋ ಬರುವುದಿಲ್ಲ. ರೆಕಾರ್ಡ್ ಮಾಡಲು ಇಂಟರ್‌ಫೇಸ್ ಬೇರೆ ಬೇಕು. ‘ಯುಎಸ್‌ಬಿ ಇದೆ’ ಅಂತ ಅಂಗಡಿಯವರು ಹೇಳಿದ್ದನ್ನು ನಂಬಿ ತಂದು, ಮನೆಗೆ ಬಂದ ಮೇಲೆ ತಲೆ ಚಚ್ಚಿಕೊಂಡವರು ಒಬ್ಬಿಬ್ಬರಲ್ಲ. ಬಾಸ್ ಜಿಟಿ-1ಬಿ, ಲೈನ್ 6 ಪಾಡ್ ಎಕ್ಸ್‌ಪ್ರೆಸ್ ಬೇಸ್ ಎರಡೂ ಯುಎಸ್‌ಬಿ ಮೂಲಕ ನೇರ ಆಡಿಯೋ ಕೊಡುತ್ತವೆ. ಕೊಳ್ಳುವ ಮೊದಲು ಮ್ಯಾನುಯಲ್ ತೆರೆದು ಸಪ್ಪೆ ಸಿಗ್ನಲ್ ಬೇರೆ ಚಾನೆಲ್‌ನಲ್ಲಿ ಬರುತ್ತದೆಯಾ ಅಂತ ನೋಡಿಕೊಳ್ಳಿ. ಇಡೀ ಮ್ಯಾನುಯಲ್ ಓದಬೇಡಿ, ಯುಎಸ್‌ಬಿ ಪುಟ ಒಂದೇ ಸಾಕು.

ಇದರ ಮೇಲಿನ ಮೆಟ್ಟಿಲು ಲೈನ್ 6 ಎಚ್‌ಎಕ್ಸ್ ಸ್ಟಾಂಪ್. ಬಂದದ್ದು 2018ರಲ್ಲಿ, ಇವತ್ತಿಗೂ ಬೇಸ್‌ನವರ ಅಚ್ಚುಮೆಚ್ಚು. ಅದೇ ಇಂಟರ್‌ಫೇಸ್ ಆಗುತ್ತದೆ, ಡಿಐಯನ್ನು ಬೇರೆ ಚಾನೆಲ್‌ನಲ್ಲಿ ಕಳಿಸುತ್ತದೆ. ಆಮೇಲೆ ಆ ಡಿಐಯನ್ನು ಮತ್ತೆ ಬಾಕ್ಸಿಗೇ ವಾಪಸ್ ಕಳಿಸಿ ಬೇರೆ ಆಂಪ್ ಹಾಕಿ ರೆಕಾರ್ಡ್ ಮಾಡಿಕೊಳ್ಳಬಹುದು. ಸಿಗ್ನಲನ್ನು ಕೆಳಗೆ ಮೇಲೆ ಅಂತ ಕವಲು ಒಡೆಯುವ ಸೌಲಭ್ಯವೂ ಅದರಲ್ಲಿದೆ. ಬೆಲೆ ಮಾತ್ರ ಒಂದು ಒಳ್ಳೆಯ ಬೇಸ್ ಗಿಟಾರಿನಷ್ಟು. ಇನ್ನೂ ಮೇಲೆ ಕ್ವಾಡ್ ಕಾರ್ಟೆಕ್ಸ್, ಫ್ರ್ಯಾಕ್ಟಲ್ ಎಲ್ಲ ಇವೆ. ಮನೆಯಲ್ಲಿ ಬೇಸ್ ಒಂದನ್ನೇ ರೆಕಾರ್ಡ್ ಮಾಡುವವರಿಗೆ ಅವು ತರಕಾರಿ ತರಲು ಲಾರಿ ತೆಗೆದುಕೊಂಡು ಹೋದ ಹಾಗೆ.

ಬಾಕ್ಸ್ ಬಳಸುವವರು ಬೀಳುವ ಒಂದು ಹಳ್ಳ ಇದೆ, ಸ್ವಲ್ಪ ನಿಂತು ಹೇಳುತ್ತೇನೆ. ಡಿಐ ಒಂದು ಟ್ರ್ಯಾಕ್, ಬಾಕ್ಸಿನಿಂದ ಬಂದ ಆಂಪ್ ಸದ್ದು ಇನ್ನೊಂದು ಟ್ರ್ಯಾಕ್, ಎರಡನ್ನೂ ಬೆರೆಸಿದರೆ ಬೇಸ್ ದಪ್ಪ ಆಗಬೇಕು ತಾನೇ? ಎಷ್ಟೋ ಸಲ ತೆಳ್ಳಗಾಗುತ್ತದೆ. ಬಾಕ್ಸ್ ಸಿಗ್ನಲನ್ನು ಡಿಜಿಟಲ್ ಮಾಡಿ, ಲೆಕ್ಕ ಹಾಕಿ, ವಾಪಸ್ ಕೊಡುವಷ್ಟರಲ್ಲಿ ಒಂದೆರಡು ಮಿಲಿಸೆಕೆಂಡ್ ಹಿಂದೆ ಬಿದ್ದಿರುತ್ತದೆ. 2 ಮಿಲಿಸೆಕೆಂಡ್ ತಡ ಆದರೆ 250 ಹರ್ಟ್ಸ್‌ನಲ್ಲಿ ಎರಡೂ ಅಲೆಗಳು ತಿರುವುಮುರುವಾಗಿ ಒಂದನ್ನೊಂದು ಅಳಿಸುತ್ತವೆ. ಬೇಸಿನ ಮೈಕಟ್ಟು ಇರುವುದೇ ಆ ಜಾಗದಲ್ಲಿ. ಪರಿಹಾರ ಸುಲಭ: ಎರಡೂ ಟ್ರ್ಯಾಕನ್ನು ದೊಡ್ಡದು ಮಾಡಿ ನೋಡಿ, ಮೊದಲ ನೋಟಿನ ಏರು ಎಲ್ಲಿದೆ ಅಂತ ಹುಡುಕಿ, ಹಿಂದೆ ಬಿದ್ದದ್ದನ್ನು ಮುಂದಕ್ಕೆ ಎಳೆಯಿರಿ. ಪ್ಲಗಿನ್ ಆದರೆ ಈ ತಡವನ್ನು ಸಾಫ್ಟ್‌ವೇರ್ ತಾನೇ ಸರಿ ಮಾಡಿಕೊಳ್ಳುತ್ತದೆ.

ಕ್ಯಾಪ್ಚರ್ ಗೀಳು

ಈಚೆಗೆ ಎಲ್ಲರ ಬಾಯಲ್ಲೂ ಕ್ಯಾಪ್ಚರ್. ನಿಜವಾದ ಒಂದು ಆಂಪ್ ಒಂದು ಸೆಟ್ಟಿಂಗಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದನ್ನು ಯಂತ್ರ ಕಲಿತುಕೊಂಡು ಫೈಲ್ ಮಾಡಿ ಇಡುವುದು. ಕೆಂಪರ್ ಇದನ್ನು ಮೊದಲು ಜನಪ್ರಿಯ ಮಾಡಿತು, 2022ರಲ್ಲಿ ಟೋನೆಕ್ಸ್ ಬಂತು. ಸ್ಟೀವನ್ ಅಟ್ಕಿನ್ಸನ್ ಬರೆದ ನ್ಯೂರಲ್ ಆಂಪ್ ಮಾಡೆಲರ್ ಅಂತೂ ಪೂರಾ ಉಚಿತ, ಓಪನ್ ಸೋರ್ಸ್. ಜನ ತಮ್ಮ ಆಂಪುಗಳನ್ನು ಕ್ಯಾಪ್ಚರ್ ಮಾಡಿ ಸುಮ್ನೆ ಹಂಚುತ್ತಾರೆ.

ಸದ್ದು ನಿಜಕ್ಕೂ ಹತ್ತಿರ ಇರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಫೋಟೋ ಇದ್ದ ಹಾಗೆ. ಸಾಮಾನ್ಯ ಕ್ಯಾಪ್ಚರಿನಲ್ಲಿ ಗೇನ್ ತಿರುಗಿಸಿದರೆ ಅಸಲಿ ಆಂಪಿನ ಗೇನ್ ತಿರುಗುವುದಿಲ್ಲ, ಒಳಗೆ ಹೋಗುವ ಸದ್ದು ಹೆಚ್ಚುಕಡಿಮೆ ಆಗುತ್ತದೆ ಅಷ್ಟೇ. ಕಂಪ್ರೆಸರ್ ಥರ ಕಾಲದ ಜೊತೆ ಬದಲಾಗುವ ಸಾಧನಗಳೂ ಇದರಲ್ಲಿ ಸರಿಯಾಗಿ ಕೂರುವುದಿಲ್ಲ. ಬೇಸಿಗೆ ಕಂಪ್ರೆಸರ್ ಅನ್ನದ ಜೊತೆ ಸಾರಿನಷ್ಟು ಮುಖ್ಯ, ಅದನ್ನು ಬೇರೆ ಹಾಕಿಕೊಳ್ಳಬೇಕು. ನೂರು ಕ್ಯಾಪ್ಚರ್ ಇಳಿಸಿಕೊಂಡು ಒಂದೂ ಹಾಡು ಮುಗಿಸದ ಗೆಳೆಯರಿದ್ದಾರೆ. ಹೆಸರು ಹೇಳುವುದಿಲ್ಲ, ಓದಿದರೆ ಅವರಿಗೇ ಗೊತ್ತಾಗುತ್ತದೆ.

ಡಿಜಿಟಲ್ ಅಲ್ಲದ ಒಂದು ದಾರಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. 1992ರಿಂದ ಇರುವ ಸ್ಯಾನ್ಸ್‌ಆಂಪ್ ಬೇಸ್ ಡ್ರೈವರ್ ಡಿಐ ಪೂರ್ತಿ ಅನಲಾಗ್. ಬೆಹ್ರಿಂಗರ್ ಬಿಡಿಐ21 ಅದರ ಪ್ಲಾಸ್ಟಿಕ್ ತಮ್ಮ, ಬೆಲೆಯೂ ತಮ್ಮನದೇ. ಲೇಟೆನ್ಸಿ ಸೊನ್ನೆ. ಸಪ್ಪೆ ಸದ್ದಿಗೆ ಆಂಪ್ ಸದ್ದು ಬೆರೆಸುವ ಬ್ಲೆಂಡ್ ಗುಂಡಿ ಪೂರ್ತಿ ತಿರುಗಿಸಿದರೆ ನಡುವಿನ ಸದ್ದು ಕುಸಿದು ಬೇಸ್ ಹಾಡಿನಲ್ಲಿ ಮುಳುಗುತ್ತದೆ, ಅರ್ಧಕ್ಕೆ ನಿಲ್ಲಿಸಿ.

50 ಹರ್ಟ್ಸ್ ಅನ್ನುವ ಬಾಡಿಗೆದಾರ

ಇದನ್ನು ವಿದೇಶದ ವಿಡಿಯೋಗಳಲ್ಲಿ ಹೇಳುವುದಿಲ್ಲ. ನಮ್ಮ ಕರೆಂಟು 230 ವೋಲ್ಟ್, 50 ಹರ್ಟ್ಸ್. ಇ ತಂತಿಯ ಮೂರನೇ ಫ್ರೆಟ್ಟಿನ ಜಿ ಸ್ವರ 49 ಹರ್ಟ್ಸ್. ಅಂದರೆ ಅರ್ಥಿಂಗ್ ಸರಿ ಇಲ್ಲದ ಮನೆಯಲ್ಲಿ ಬರುವ ಹಮ್, ಅಂದರೆ ಕರೆಂಟಿನ ಗುಂಯ್ ಸದ್ದು, ನಿಮ್ಮ ಜಿ ನೋಟಿನ ಹಾಸಿಗೆಯಲ್ಲೇ ಮಲಗಿರುತ್ತದೆ. ಈಕ್ಯೂ ಹಾಕಿ 50ನ್ನು ಕೊರೆದರೆ ಜಿಯೂ ಹೋಯಿತು. ಅಮೆರಿಕದವರ 60 ಹರ್ಟ್ಸ್ ಅವರ ಬಿ ನೋಟಿನ ಪಕ್ಕ ಕೂರುತ್ತದೆ, ಅವರ ಕಷ್ಟ ಅವರಿಗೆ.

ಇದಕ್ಕೂ ಮಾಡೆಲರಿಗೂ ಏನು ಸಂಬಂಧ ಅಂದರೆ, ಡ್ರೈವ್ ಮತ್ತು ಕಂಪ್ರೆಸರ್ ಎರಡೂ ಹಮ್ಮನ್ನು ಎತ್ತಿ ಎತ್ತಿ ಕೊಡುತ್ತವೆ. ಡಿಐಯಲ್ಲಿ ಕಿವಿಗೆ ಬೀಳದ ಹಮ್ ಎಸ್‌ವಿಟಿ ಮಾಡೆಲ್ ಹಾಕಿದ ಕೂಡಲೇ ಮುಖಕ್ಕೆ ಹೊಡೆಯುತ್ತದೆ. ರೆಕಾರ್ಡ್ ಮಾಡುವಾಗ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತುಬಿಡಿ, ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಸೆಲ್ಲಿನಲ್ಲಿ ಓಡುವ ಬಾಕ್ಸ್‌ಗಳಿಗೆ ಈ ವಿಷಯದಲ್ಲಿ ಒಂದು ಅಂಕ ಜಾಸ್ತಿ. ಜಾಜ್ ಬೇಸ್ ಆದರೆ ಎರಡೂ ಪಿಕಪ್‌ನ ವಾಲ್ಯೂಮ್ ಪೂರ್ತಿ ತೆರೆಯಿರಿ, ಒಂದರ ಹಮ್ಮನ್ನು ಇನ್ನೊಂದು ಕಳೆಯುತ್ತದೆ. ಕರೆಂಟು ಹೋಗಿ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಮನೆ ಓಡುತ್ತಿದ್ದರೆ ಬೇಸ್ ಕೆಳಗಿಟ್ಟು ಕಾಫಿ ಮಾಡಿಕೊಳ್ಳಿ.

ಹಾಗಾದರೆ ಯಾರಿಗೆ ಯಾವುದು?

ಲ್ಯಾಪ್‌ಟಾಪ್ ಈಗಾಗಲೇ ಇದೆ, ಹಾಡು ಮಾಡುವುದೇ ಉದ್ದೇಶ ಅಂದರೆ ಇಂಟರ್‌ಫೇಸ್ ಮತ್ತು ಉಚಿತ ಪ್ಲಗಿನ್. ಉಳಿದ ದುಡ್ಡಿಗೆ ಹೊಸ ತಂತಿ, ಒಳ್ಳೆಯ ಹೆಡ್‌ಫೋನ್. ಹಳೆಯ ತಂತಿಯ ಬೇಸಿಗೆ ಯಾವ ಮಾಡೆಲರ್ ಹಾಕಿದರೂ ಹೊಳಪು ಬರುವುದಿಲ್ಲ. ದಿನಾ ಅಭ್ಯಾಸ ಮಾಡುವುದು ಜಾಸ್ತಿ, ರೆಕಾರ್ಡಿಂಗ್ ತಿಂಗಳಿಗೊಮ್ಮೆ ಅಂದರೆ ಅಗ್ಗದ ಬಾಕ್ಸ್, ಜೊತೆಗೆ ಯಾವುದೋ ಒಂದು ಇಂಟರ್‌ಫೇಸ್. ವಾರಕ್ಕೊಂದು ಪ್ರೋಗ್ರಾಮ್ ಇದೆ, ಅದೇ ಸದ್ದು ರೆಕಾರ್ಡಿಂಗಿಗೂ ಬೇಕು ಅನ್ನುವವರಿಗೆ ಮಾತ್ರ ಎಚ್‌ಎಕ್ಸ್ ಸ್ಟಾಂಪ್‌ನಂಥದ್ದು ಸಲ್ಲುತ್ತದೆ. ಮೊಬೈಲ್ ಒಂದೇ ಇರುವವರು ಐಫೋನ್ ಆದರೆ ಗ್ಯಾರೇಜ್‌ಬ್ಯಾಂಡಿನಲ್ಲಿ ಶುರು ಮಾಡಿ. ಆಂಡ್ರಾಯ್ಡ್‌ನಲ್ಲಿ ಲೇಟೆನ್ಸಿಯ ಜೊತೆ ಗುದ್ದಾಡಿ ನನಗೆ ಸಾಕಾಗಿದೆ.

ಐದು ತಂತಿಯ ಬೇಸ್ ಇರುವವರಿಗೆ ಒಂದು ಕಿವಿಮಾತು. ಕೆಳಗಿನ ಬಿ ಸುಮಾರು 31 ಹರ್ಟ್ಸ್. ಕ್ಯಾಬಿನೆಟ್ಟಿನ ಐಆರ್ ಫೈಲ್, ಅಂದರೆ ಕ್ಯಾಬಿನೆಟ್ ಮತ್ತು ಮೈಕ್ ಸದ್ದಿಗೆ ಏನು ಮಾಡುತ್ತವೆ ಅನ್ನುವುದರ ದಾಖಲೆ, ತುಂಬಾ ಚಿಕ್ಕದಿದ್ದರೆ ಅಷ್ಟು ಕೆಳಗಿನ ಅಲೆಯನ್ನು ಅದು ಸರಿಯಾಗಿ ಹಿಡಿಯಲಾರದು. 48 ಕಿಲೋಹರ್ಟ್ಸ್‌ನಲ್ಲಿ 1024 ಸ್ಯಾಂಪಲ್ ಅಂದರೆ ಬರೀ 21 ಮಿಲಿಸೆಕೆಂಡ್, ಬಿ ತಂತಿಯ ಒಂದು ಸುತ್ತಿಗೇ 32 ಬೇಕು. ಬಾಕ್ಸಿನಲ್ಲಿ 2048ರ ಆಯ್ಕೆ ಇದ್ದರೆ ಅದನ್ನೇ ಹಾಕಿ, ಅಥವಾ ಕೆಳಗಿನ ಭಾಗವನ್ನು ಡಿಐಯಿಂದಲೇ ತೆಗೆದುಕೊಳ್ಳಿ.

ಎರಡರ ನಡುವೆ ಮನಸ್ಸು ತೂಗುತ್ತಿದ್ದರೆ ಹೀಗೆ ಮಾಡಿ. ನಿಮ್ಮದೇ ಹಾಡಿನ 30 ಸೆಕೆಂಡಿನ ಡಿಐಯನ್ನು ಮೂರು ನಾಲ್ಕು ಮಾಡೆಲರ್ ಮೂಲಕ ಹಾಯಿಸಿ, ಡ್ರಮ್ಸ್ ಗಿಟಾರ್ ಸಮೇತ ಮಿಕ್ಸ್ ಮಾಡಿ, ಎಲ್ಲದರ ವಾಲ್ಯೂಮ್ ಒಂದೇ ಮಟ್ಟಕ್ಕೆ ತನ್ನಿ. ಇದು ಮುಖ್ಯ, ಜೋರಾಗಿರುವುದೇ ಚೆನ್ನಾಗಿದೆ ಅಂತ ಕಿವಿ ಮೋಸ ಹೋಗುತ್ತದೆ. ಫೈಲುಗಳಿಗೆ ಅ, ಆ, ಇ ಅಂತ ಹೆಸರಿಟ್ಟು ಮನೆಯವರಿಗೆ ಅದಲುಬದಲು ಮಾಡಲು ಹೇಳಿ, ಮರುದಿನ ಮೊಬೈಲಿನಲ್ಲೊಮ್ಮೆ, ಕಾರಿನಲ್ಲೊಮ್ಮೆ ಕೇಳಿ. ನಾನು ಹೀಗೆ ಮಾಡಿದಾಗ ಬಿಟ್ಟಿ ಪ್ಲಗಿನ್ನನ್ನೂ ದುಬಾರಿ ಬಾಕ್ಸನ್ನೂ ಎರಡು ಸಲ ಅದಲುಬದಲು ಹೇಳಿದೆ. ಬಾಕ್ಸ್ ಆಗಲೇ ಕೊಂಡಾಗಿತ್ತು, ಏನು ಮಾಡುವುದು.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವುದಾದರೆ ನಿಮ್ಮ ಬೇಸ್, ಲ್ಯಾಪ್‌ಟಾಪ್, ಯುಎಸ್‌ಬಿ ಕೇಬಲ್ ಮೂರನ್ನೂ ಹಿಡಿದುಕೊಂಡೇ ಹೋಗಿ. ಪ್ರತಿ ಫುಟ್‌ಸ್ವಿಚ್ಚನ್ನೂ ಇಪ್ಪತ್ತು ಸಲ ಒತ್ತಿ ನೋಡಿ. ಯುಎಸ್‌ಬಿಯಲ್ಲಿ ಡಿಐ ಬರುತ್ತದೆಯಾ ಅಂತ ಅಲ್ಲೇ ಒಂದು ನಿಮಿಷ ರೆಕಾರ್ಡ್ ಮಾಡಿ ಕೇಳಿ. ಅಡಾಪ್ಟರ್ ಕಳೆದುಹೋಗಿದೆ ಅಂದರೆ ಅದರ ಬೆಲೆಯನ್ನು ಕಳೆದೇ ಚೌಕಾಸಿ ಶುರು ಮಾಡಿ.